ಡ್ರೈವರ್ ಕೀ ತೆಗೆದು 45 ನಿಮಿಷ ಅಂದಾಗ

ನಾನು ಟೂರ್ ಮ್ಯಾನೇಜರ್. ಬೆಂಗಳೂರಿನಿಂದ ಗುಂಪು ಕರ್ಕೊಂಡು ಬ್ರಿಟನ್ ಸುತ್ತಿಸೋದು ನನ್ನ ಕೆಲಸ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ದಿನದ ಪ್ಲಾನನ್ನು ಮೊದಲ ಸಲ ನಾನೇ ಹಾಕಿದಾಗ ಸ್ವಲ್ಪ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಗ್ಲ್ಯಾಸ್ಗೋ ಬಿಟ್ಟು ಎ82 ರಸ್ತೆ ಹಿಡಿಯೋದು, ಲಾಕ್ ಲೋಮಂಡ್ ಸರೋವರದ ದಡದ ಲಸ್ ಹಳ್ಳಿ, ಗ್ಲೆನ್‌ಕೋ ಕಣಿವೆ, ಗ್ಲೆನ್‌ಫಿನ್ನನ್‌ನ 21 ಕಮಾನಿನ ರೈಲು ಸೇತುವೆ ನೋಡಿ, ಸಂಜೆ 4ಕ್ಕೆ ಫೋರ್ಟ್ ಅಗಸ್ಟಸ್‌ನಲ್ಲಿ ಲಾಕ್ ನೆಸ್ ದೋಣಿ ಹತ್ತೋದು. ಊಟಕ್ಕೆ ನಿಲ್ಲಿಸೋದೇ ಇಲ್ಲ, ಪುಳಿಯೋಗರೆ ಡಬ್ಬಿ ಓಡೋ ಬಸ್ಸಲ್ಲೇ ಹಂಚೋದು. ಒಂದು ಗಂಟೆ ಉಳಿಸಿದೆ ಅಂದುಕೊಂಡಿದ್ದೆ.

ಟಾರ್ಬೆಟ್ ದಾಟಿದ ಮೇಲೆ ರಸ್ತೆ ನಮ್ಮ ಹಳೇ ಘಾಟಿ ರಸ್ತೆಗಿಂತ ಕಿರಿದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸರೋವರ. ಎದುರಿಗೆ ಲಾರಿ ಬಂದರೆ ಎರಡೂ ಗಾಡಿ ನಿಂತು, ಕನ್ನಡಿಗೆ ಕನ್ನಡಿ ತಾಗದ ಹಾಗೆ ಇಂಚಿಂಚೇ ಸರಿಯಬೇಕು. ಅಲ್ಲೇ 20 ನಿಮಿಷ ಹೋಯಿತು. ಗ್ಲೆನ್‌ಕೋದಲ್ಲಿ ಮೋಡ ಬೆಟ್ಟದ ಅರ್ಧಕ್ಕೆ ಇಳಿದಿತ್ತು. 1692ರ ಫೆಬ್ರವರಿಯಲ್ಲಿ ಇಲ್ಲಿ ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಹತ್ತು ಹನ್ನೆರಡು ದಿನ ಅತಿಥಿಗಳಾಗಿ ಉಂಡು ಮಲಗಿದ್ದ ಸೈನಿಕರೇ ಒಂದು ಬೆಳಗಿನ ಜಾವ ಎದ್ದು ಆ ಮನೆಯವರನ್ನು ಕೊಂದರು. ಉಂಡ ಮನೆಗೆ ಎರಡು ಬಗೆಯೋದು ಅಂತೀವಲ್ಲ, ಅದು. ಮೈಕಲ್ಲಿ ಇದನ್ನು ಹೇಳಿದಾಗ ಬಸ್ಸು ಗಪ್‌ಚುಪ್. ಐದು ನಿಮಿಷ ಫೋಟೋ, ಹತ್ತಿ ಹತ್ತಿ ಅಂತ ಮತ್ತೆ ಹೊರಟೆವು.

ಗ್ಲೆನ್‌ಫಿನ್ನನ್‌ನಲ್ಲಿ ಪಾರ್ಕಿಂಗ್ ತುಂಬಿತ್ತು. ನಮ್ಮನ್ನು ಇಳಿಸಿ ಡ್ರೈವರ್ ಬಸ್ಸನ್ನು ಎಲ್ಲೋ ಸುತ್ತಿಸುತ್ತಾ ಇದ್ದರು. ನಾನು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಆಮೇಲೆ ಸ್ಪೀನ್ ಬ್ರಿಜ್ ಹಳ್ಳಿ ದಾಟಿದ ತಕ್ಷಣ, ಕಮಾಂಡೋ ಸ್ಮಾರಕದ ಹತ್ತಿರ ಬಸ್ ನಿಂತಿತು. ಡ್ರೈವರ್ ಕೀ ತೆಗೆದು ಜೇಬಿಗೆ ಹಾಕಿಕೊಂಡರು. 45 ನಿಮಿಷ ಅಂದರು, ಅಷ್ಟೇ. ಗಂಟೆ 3.20. ದೋಣಿ 4ಕ್ಕೆ.

ನಾನು ಬೇಡಿಕೊಂಡೆ, ದಾರಿಯುದ್ದಕ್ಕೂ ನಿಲ್ಲಿಸಿಕೊಂಡೇ ಬಂದೆವಲ್ಲ ಅಂದೆ. ಅವರು ಕೋಪ ಮಾಡಿಕೊಳ್ಳದೆ ಟ್ಯಾಕೋಗ್ರಾಫ್ ತೋರಿಸಿದರು. ಬಸ್ಸಿನ ಓಟ, ನಿಲುಗಡೆ ಎಲ್ಲ ಬರೆದಿಡೋ ಯಂತ್ರ ಅದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಾನೂನು. ಒಡೆದು ತಗೊಳ್ಳಬಹುದು, ಆದರೆ ಮೊದಲು ಕನಿಷ್ಠ 15, ಆಮೇಲೆ ಕನಿಷ್ಠ 30. ಹದಿನೈದಕ್ಕಿಂತ ಕಡಿಮೆ ನಿಂತರೆ ಅದು ಸೊನ್ನೆ. ಪಾರ್ಕಿಂಗ್ ಹುಡುಕಿ ಸುತ್ತಿದ್ದು ಓಡಿಸಿದ ಲೆಕ್ಕ. ಬಸ್ ನಿಂತಾಗ ಯಾರದ್ದೋ ಸೂಟ್‌ಕೇಸ್ ಇಳಿಸಿಕೊಟ್ಟರೆ ಅದೂ ಕೆಲಸವೇ, ಬಿಡುವಲ್ಲ. ನನ್ನ ಐದೈದು ನಿಮಿಷದ ಫೋಟೋ ಸ್ಟಾಪ್‌ಗಳಲ್ಲಿ ಒಂದೂ ಲೆಕ್ಕಕ್ಕಿಲ್ಲ. ಊಟದಲ್ಲಿ ನಾನು ಉಳಿಸಿದ್ದ ಗಂಟೆ ಅವರದ್ದು, ನನ್ನದಲ್ಲ.

ದೋಣಿ ತಪ್ಪಿತು. ಗುಂಪಿನ ಹಿರಿಯರೊಬ್ಬರು ದುಡ್ಡು ವಾಪಸ್ ಕೇಳಿದರು, ತಪ್ಪೇನಿಲ್ಲ, ಕೊಟ್ಟೆ. ಸ್ಮಾರಕದಲ್ಲಿ ಎಲ್ಲರೂ ಮುಖ ಊದಿಸಿಕೊಂಡೇ ಇಳಿದರು. ಎರಡನೇ ಮಹಾಯುದ್ಧದಲ್ಲಿ ಕಮಾಂಡೋಗಳು ತರಬೇತಿ ಪಡೆದ ಪ್ರದೇಶ ಅದು, 1952ರಲ್ಲಿ ನಿಲ್ಲಿಸಿದ ಮೂವರು ಕಂಚಿನ ಸೈನಿಕರು. ಆಚೆ 1345 ಮೀಟರಿನ ಬೆನ್ ನೆವಿಸ್, ಅವತ್ತು ಅದೂ ಮೋಡದೊಳಗೆ. ಫೋರ್ಟ್ ಅಗಸ್ಟಸ್‌ನಲ್ಲಿ ಕ್ಯಾಲಿಡೋನಿಯನ್ ಕಾಲುವೆಯ ಬಾಗಿಲು ಮುಚ್ಚಿ ತೆಗೆದು ನೀರಿನ ಮಟ್ಟ ಬದಲಿಸೋ ಐದು ತೊಟ್ಟಿಗಳ ಮೆಟ್ಟಿಲಲ್ಲಿ ಒಂದು ದೋಣಿ ನಿಧಾನ ಇಳಿಯೋದನ್ನು ದಡದಲ್ಲಿ ನಿಂತು ನೋಡಿದೆವು. (ಸರೋವರಕ್ಕೂ ಲಾಕ್, ಕಾಲುವೆಯ ಈ ತೊಟ್ಟಿಗೂ ಲಾಕ್. ಕನ್ನಡದಲ್ಲಿ ವಿವರಿಸೋಕೆ ಹೋಗಿ ನಾನೇ ಗೊಂದಲವಾದೆ.) ಮಕ್ಕಳಿಗೆ ಖುಷಿಯಾಯಿತು. ದುಡ್ಡು ಕೇಳಿದವರಿಗೆ ಆಗಲಿಲ್ಲ.

ಈಗ ಪ್ಲಾನ್ ಹಾಳೆಯಲ್ಲಿ ಮೊದಲು ಬರೆಯೋದು ಗ್ಲೆನ್‌ಕೋಗೆ ಮುಂಚೆ ಸಿಗೋ ಟಿಂಡ್ರಮ್ ಹಳ್ಳಿಯಲ್ಲಿ 12 ಗಂಟೆಗೆ 45 ನಿಮಿಷ ಬಿಡುವು. ಅದಾದ ಮೇಲೆ ಉಳಿದ ಊರು. ಅಲ್ಲಿಂದ ಫೋರ್ಟ್ ಅಗಸ್ಟಸ್‌ಗೆ ನಾಲ್ಕೂವರೆ ಗಂಟೆಯ ಲೆಕ್ಕ ಹೊಸದಾಗಿ ಶುರು. ಗ್ಲೆನ್‌ಫಿನ್ನನ್ ಬೇಕಾದರೆ ದೋಣಿ ಇಲ್ಲ, ದೋಣಿ ಬೇಕಾದರೆ ಗ್ಲೆನ್‌ಫಿನ್ನನ್ ಇಲ್ಲ ಅಂತ ಬೆಂಗಳೂರಲ್ಲೇ ಹೇಳಿಬಿಡುತ್ತೇನೆ. ಹಾಗಂದಾಗ ಒಂದಿಬ್ಬರು ಬೇರೆ ಕಂಪನಿ ನೋಡಿಕೊಂಡಿದ್ದೂ ಇದೆ. ಕಳೆದ ಬೇಸಿಗೆಯಲ್ಲಿ ಟಿಂಡ್ರಮ್ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆವು. ಮಿಜ್ ಅನ್ನೋ, ಸೊಳ್ಳೆಯ ಹಾಗೆ ಕಚ್ಚೋ ಸಣ್ಣ ಹುಳುಗಳು ಮುತ್ತಿಕೊಂಡವು. ಅದೇ ಡ್ರೈವರ್ ಎರಡು ತುತ್ತು ಪುಳಿಯೋಗರೆ ತಿಂದು, ಅರ್ಧ ಬಾಟಲಿ ನೀರು ಕುಡಿದು, ಬಸ್ಸಿಗೆ ಹೋಗಿ ಮಲಗಿಬಿಟ್ಟರು.