ಕರಕಿಗೆ ರೊಕ್ಕ ಕೊಟ್ಟ ಕಥೆ

ನಮ್ಮ ಅಪ್ಪನಿಗೆ ಈಗ 76. ಅದರಲ್ಲಿ ಅರವತ್ತು ವರ್ಷ ಕರಕಿ ಕಿತ್ತಿದ್ದಾರೆ. ಬೇರೆ ಕಡೆ ಗರಿಕೆ ಅಂತಾರಲ್ಲ, ಗಣಪತಿಗೆ ಏರಿಸೋದು, ಅದೇ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ ನಮ್ಮದು ಎರೆ ಹೊಲ, ಕಪ್ಪು ಮಣ್ಣು. ಬೇಸಿಗೆಯಲ್ಲಿ ರಂಟೆ ಹೊಡೆದು, ಬೇರು ಮೇಲೆತ್ತಿ ಬಿಸಿಲಿಗೆ ಒಣಗಿಸಿದರೂ ಅದು ಸಾಯುವುದಿಲ್ಲ. ಮಳೆ ಬಿದ್ದ ಹದಿನೈದು ದಿನಕ್ಕೆ ತೊಗರಿ ಸಾಲಿನ ನಡುವೆ ಮತ್ತೆ ಹಾಜರು. ಒಂದು ಗೆಣ್ಣು ಉಳಿದರೆ ಸಾಕು ಅದಕ್ಕೆ. ನಮ್ಮ ಮನೆಯಲ್ಲಿ ಬಿಡದೆ ಕಾಡುವ ನೆಂಟರಿಗೂ ಕರಕಿ ಅಂತಲೇ ಹೆಸರು.

ತಮ್ಮ ಸುರತ್ಕಲ್‌ನಲ್ಲಿ ಮನೆ ಮಾಡಿದ್ದಾನೆ. ಗೇಟಿನಲ್ಲಿ ನಿಂತರೆ ಅಲೆ ಕೇಳಿಸುತ್ತೆ. ಮನೆ ಮುಂದೆ ಹುಲ್ಲುಹಾಸು ಬೇಕು ಅಂತ ಅವನಿಗೆ ಹುಚ್ಚು. ಕಲಬುರಗಿಯಲ್ಲಿ ಹುಟ್ಟಿದವನ ಆಸೆ ಅದು, ನನಗೆ ಅರ್ಥ ಆಗುತ್ತೆ. ನಮ್ಮಲ್ಲಿ ಅಂಗಳ ಅಂದರೆ ಶಹಾಬಾದಿ ಫರ್ಸಿ, ಚಪ್ಪಡಿ ಕಲ್ಲು. ಮೇ ತಿಂಗಳಲ್ಲಿ ಬರಿಗಾಲು ಇಡೋ ಹಾಗಿಲ್ಲ. ಫರ್ಸಿ ಇಲ್ಲದ ಕಡೆ ಎರೆ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತೆ.

ಹಿಂದಿನ ವರ್ಷ ಬೇಸಿಗೆ ರಜೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ಜೊತೆಗೆ ಹತ್ತು ಕಿಲೋ ಬೇಳೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಗುರುತು, ಅಂದರೆ ಇದು ಈ ನೆಲದ್ದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕ ಮೇಲೆ ಅಪ್ಪ ಬೇಳೆ ಕೊಡುವಾಗ ಒಂದು ಗತ್ತು ಬಂದಿದೆ.

ಹೋಗಿ ನೋಡಿದರೆ ತಮ್ಮನ ಮುಖ ಸಪ್ಪಗಿತ್ತು. ಹದಿನೆಂಟು ಸಾವಿರ ಕೊಟ್ಟು ಹಾಸಿದ ಹುಲ್ಲು, ಸಮುದ್ರದ ಕಡೆಯ ಅರ್ಧ ಕಂದಾಗಿತ್ತು. ಮೊದಲು ಎಲೆಯ ತುದಿ ಸುಟ್ಟಿತಂತೆ, ಆಮೇಲೆ ಇಡೀ ಎಲೆ. ನೀರು ಸಾಲದೇನೋ ಅಂತ ದಿನಕ್ಕೆ ಎರಡು ಹೊತ್ತು ಬೋರ್‌ವೆಲ್ ನೀರು ಬಿಟ್ಟಿದ್ದ. ಅದು ಇನ್ನೂ ಬೇಗ ಹೋಯಿತು. ವಿಚಿತ್ರ ಅಂದರೆ ಮನೆ ಹಿಂದೆ ತೆಂಗಿನ ನೆರಳಲ್ಲಿ ಅದೇ ಹುಲ್ಲು ದಟ್ಟವಾಗಿ ಬೆಳೆದಿತ್ತು.

ಅಪ್ಪ ಏನೂ ಮಾತಾಡಲಿಲ್ಲ. ಪೈಪಿನ ನೀರು ಅಂಗೈಗೆ ಹಿಡಿದು ನಾಲಿಗೆಗೆ ಹಚ್ಚಿದರು, ಉಗುಳಿದರು.

"ಸವಳು ನೀರು ಕುಡಿಸಿ ಕೊಂದಿ ನೋಡಪ್ಪ."

ಇಷ್ಟೇ ವಿಷಯ. ಸಮುದ್ರದ ಹತ್ತಿರದ ಬೋರ್‌ವೆಲ್‌ನಿಂದ ಬೇಸಿಗೆಯಲ್ಲಿ ಜಾಸ್ತಿ ನೀರು ಎತ್ತಿದರೆ ಒಳಗಿನ ಸಿಹಿನೀರು ಇಳಿಯುತ್ತೆ, ಉಪ್ಪುನೀರು ಆ ಜಾಗಕ್ಕೆ ನುಗ್ಗುತ್ತೆ. ಮೇಲಿನಿಂದ ಮಧ್ಯಾಹ್ನದ ಕಡಲಗಾಳಿ ಬೇರೆ ಉಪ್ಪು ತಂದು ಎಲೆ ಮೇಲೆ ಕೂರಿಸುತ್ತೆ. ಮಳೆ ನಿಂತ ಮೇಲೆ ಅದನ್ನು ತೊಳೆಯುವವರು ಯಾರೂ ಇಲ್ಲ. ತಮ್ಮ ಹಾಸಿದ್ದು ನರ್ಸರಿಯವರು ಬಫಲೋ ಹುಲ್ಲು ಅನ್ನುವ ಅಗಲ ಎಲೆಯದು. ಅದಕ್ಕೆ ನೆರಳು ಆಗುತ್ತೆ, ಉಪ್ಪು ಆಗಲ್ಲ. ಹಿಂದುಗಡೆ ಮನೆಯೇ ಗಾಳಿಗೆ ಅಡ್ಡ ಇತ್ತು, ಬದುಕಿಕೊಂಡಿತು. ಅಪ್ಪ ಅದಕ್ಕೆ ಎಮ್ಮೆ ಹುಲ್ಲು ಅಂತ ಹೆಸರಿಟ್ಟರು.

"ನಮ್ಮ ಕೆಳಗಿನ ಸವಳು ಪಟ್ಟ್ಯಾಗ ಏನ್ ಬರ್ತದ ಹೇಳು?" ಅಂತ ಕೇಳಿದರು. ತಮ್ಮ ಸುಮ್ನೆ ನಿಂತ. ನಾನೇ ಹೇಳಿದೆ, "ಕರಕಿ."

"ಹೌದಲ್ಲ? ಮತ್ತ ಅದನ್ನ ಹಾಕು."

ತಮ್ಮ ಫೋನಿನಲ್ಲಿ ಹುಡುಕಿದ. ಬರ್ಮುಡಾ ಗ್ರಾಸ್! ಆಟದ ಮೈದಾನಗಳಿಗೆ ಹಾಕೋದು! ಅವನ ಮುಖ ಅರಳಿದ್ದು ನೋಡಬೇಕಿತ್ತು. ಕರಕಿ ಅಂದಾಗ ಅರಳದ ಮುಖ.

ಕೂಡಲೇ ಹಾಕಿಸಲು ಹೊರಟವನನ್ನು ತೋಟದ ಕೆಲಸಕ್ಕೆ ಬರುವವರು ತಡೆದರು. "ಈಗ ಬೇಡ ಮಾರಾಯ್ರೆ, ಜೂನಲ್ಲಿ ಎಲ್ಲ ಕೊಚ್ಚಿಕೊಂಡು ಹೋಗ್ತದೆ. ಚೌತಿ ಕಳೀಲಿ." ಸರಿಯಾದ ಮಾತು. ಅಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ. ನಮ್ಮಲ್ಲಿ 800 ಮುಟ್ಟಿದರೆ ಒಳ್ಳೆ ವರ್ಷ. ಆ ಮಳೆಯಿಂದ ಇನ್ನೊಂದು ಲಾಭವೂ ಇದೆ. ಮರಳು ನೆಲದ ಉಪ್ಪೆಲ್ಲ ತಾನೇ ತೊಳೆದು ಹೋಗುತ್ತೆ, ಜಿಪ್ಸಂ ಬೇಡ, ಬಸಿಗಾಲುವೆ ಬೇಡ. ಅಪ್ಪನಿಗೆ ಇದು ಹೊಟ್ಟೆಕಿಚ್ಚು ತರಿಸಿತು. ಎರೆ ಮಣ್ಣಿನಿಂದ ಸವಳು ಬಿಡಿಸುವುದರಲ್ಲಿ ಅವರ ಅರ್ಧ ಆಯುಷ್ಯ ಹೋಗಿದೆ.

ದಸರಾ ರಜೆಗೆ ಮತ್ತೆ ಹೋದೆವು. ತೊಗರಿಗೆ ಔಷಧಿ ಹೊಡೆಯೋ ಟೈಮು ಅಂತ ಅಪ್ಪ ಗೊಣಗಿದರು, ಆದರೂ ಬಸ್ಸಿಗೆ ನನಗಿಂತ ಮುಂಚೆ ತಯಾರಾಗಿದ್ದರು. ಅಲ್ಲಿ ಗೇಟಿನ ಬಳಿ ನಾಲ್ಕು ಚೀಲ ಇದ್ದವು. ಅಪ್ಪ ಒಂದರ ಬಾಯಿ ಬಿಚ್ಚಿದರು. ಕರಕಿ.

"ಎಲ್ಲಿದೋ ಇದು?"

"ನರ್ಸರಿದು ಅಪ್ಪಾ."

"ರೊಕ್ಕ ಕೊಟ್ಟಿ?"

ತಮ್ಮ ನನ್ನ ಮುಖ ನೋಡಿದ. ನಾನು ಸಮುದ್ರ ನೋಡಿದೆ.

"ನಮ್ಮ ಬದುವಿನ ಮ್ಯಾಲಿಂದ ಹತ್ತು ಚೀಲ ತರತಿದ್ನೆಲ್ಲೋ!"

ಆಮೇಲಿನ ಎರಡು ದಿನ ಅಪ್ಪ ಯಾರಿಗೂ ಸಲಿಕೆ ಕೊಡಲಿಲ್ಲ. ಮರಳಿನಲ್ಲಿ ನೀರು ನಿಲ್ಲಲ್ಲ, ಅದಕ್ಕೆ ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ ಸೇರಿಸಿದರು. ತಮ್ಮ ತಂದಿದ್ದ ತೆಂಗಿನ ನಾರಿನ ಪುಡಿಯನ್ನೂ ನಾಲಿಗೆಗೆ ಹಚ್ಚಿ ನೋಡಿ, ಉಪ್ಪಿದೆ, ಮೂರು ಸಲ ತೊಳಿ ಅಂದರು. ಕರಕಿಯನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ, ಹಸಿ ಸಗಣಿ ಮತ್ತು ಮಣ್ಣಿನ ರಾಡಿಯಲ್ಲಿ ಕಲಸಿ, ಒಂದು ಇಂಚು ದಪ್ಪಕ್ಕೆ ನೆಲದ ಮೇಲೆ ಸಾರಿಸಿದರು. ಮೇಲೆ ತೆಳ್ಳಗೆ ಮಣ್ಣು. ಈ ಪದ್ಧತಿ ತೋಟಗಾರಿಕೆಯವರೂ ಹೇಳುತ್ತಾರಂತೆ, ಅದಕ್ಕೆ ಇಂಗ್ಲಿಷ್ ಹೆಸರೂ ಇದೆ. ನಮ್ಮ ಅವ್ವ ನೆಲ ಸಾರಿಸುತ್ತಿದ್ದ ಹಾಗೇ ಇತ್ತು ಅಪ್ಪನ ಕೈ.

ತೆಂಗಿನ ಕೆಳಗಿನ ಎಮ್ಮೆ ಹುಲ್ಲು ಮುಟ್ಟಲಿಲ್ಲ. ಕರಕಿಗೆ ನೆರಳು ಆಗಲ್ಲ. ಗಾಳಿಗೆ ಅಡ್ಡವಾಗಿ ಕಾಂಪೌಂಡಿನ ಉದ್ದಕ್ಕೆ ಕಣಗಿಲೆ ಹಾಕಿದರು. ಗೇಟಿನ ಆಚೆ ಮರಳಿನ ಮೇಲೆ ತಾನೇ ಹಬ್ಬಿದ ಅಡುಂಬು ಬಳ್ಳಿಯನ್ನು ತಮ್ಮ ಕಸ ಅಂತ ಕೀಳಲು ಹೋದ, ಅಪ್ಪ ಬಿಡಲಿಲ್ಲ. ನೇರಳೆ ಹೂವು, ಎತ್ತಿನ ಗೊರಸಿನಂಥ ಸೀಳೆಲೆ. "ಉಸುಕು ಹಿಡಕೊಂಡು ಕುಂತದ, ನಿನಗೇನ್ ತ್ರಾಸ್ ಕೊಟ್ಟದ?"

ಈಗ ತಮ್ಮ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬಿಡಲ್ಲ. ನಲ್ಲಿ ನೀರಲ್ಲಿ ಬೆಳಿಗ್ಗೆ ಎಲೆ ತೊಳೆಯುತ್ತಾನೆ. ಯೂರಿಯಾ ಮಳೆಗಾಲ ಕಳೆದ ಮೇಲೆ, ಅದೂ ಸ್ವಲ್ಪ. ಕತ್ತರಿಸುವಾಗ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಲ್ಲ.

ಹೋದ ವಾರ ಫೋಟೊ ಕಳಿಸಿದ್ದ. ಹಸಿರು ಕಂಬಳಿ ಹಾಸಿದಂತಿದೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ನನ್ನ ಫೋನನ್ನು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಈಗ ಹೊಗಳುತ್ತಾರೆ ಅಂದುಕೊಂಡೆ.

"ಆ ಮೂಲ್ಯಾಗ ಜೇಕು ಅದ. ಗಡ್ಡಿ ಸಮೇತ ತೆಗಿ ಅಂತ ಹೇಳು. ನರ್ಸರಿ ಚೀಲದಾಗ ಬಂದದ."