ಊಟ ಕೊಟ್ಟರೆ ಸಾಕಲ್ವಾ?

"ಬಸ್ ಸ್ಟ್ಯಾಂಡಲ್ಲಿ ಮಲಗುವವರಿಗೆ ಭಾನುವಾರ ಒಂದು ಊಟ ಕೊಟ್ಟರೆ ಸಾಕಲ್ವಾ? ಚರ್ಚ್‌ನವರು ಇನ್ನೇನು ಮಾಡ್ತೀರಿ?" ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ.

ಊಟ ಬೇಕು, ನಿಜ. ಆದರೆ ಕೊಡಗಿನ ಮಳೆಗಾಲದಲ್ಲಿ ಬೀದಿಯಲ್ಲಿರುವವರನ್ನು ಹಸಿವಿಗಿಂತ ಜಾಸ್ತಿ ಕಾಡುವುದು ಒದ್ದೆ. ಮನೆ ಇರುವ ನಾವೇ ಜುಲೈನಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಇರುವುದೇ ಒಂದು ಜೊತೆ ಬಟ್ಟೆ, ಒಲೆಯೂ ಇಲ್ಲ ಅಂದರೆ?

ಮೊದಲ ವರ್ಷ ನಾವು ಕಂಬಳಿ ಹಂಚಿದೆವು. ಎರಡು ದಿನಕ್ಕೆ ನೆನೆದು ಭಾರವಾದವು, ವಾಸನೆ ಬಂದವು. ಒಬ್ಬ ಅಜ್ಜ ಹೇಳಿದರು: "ಇದನ್ನ ಹೊರೋಕಾಗಲ್ಲ ಅಮ್ಮ. ಟಾರ್ಪಾಲ್ ಇದ್ರೆ ಕೊಡಿ." ಈಗ ಮೊದಲು ಟಾರ್ಪಾಲ್, ಆಮೇಲೆ ಕಂಬಳಿ. ಚರ್ಚ್ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಹಂಡೆ ಇಟ್ಟಿದ್ದೇವೆ. ಬಂದವರು ಬಿಸಿನೀರಲ್ಲಿ ಸ್ನಾನ ಮಾಡಿ, ಒಣ ಬಟ್ಟೆ ಹಾಕಿಕೊಂಡು, ಒದ್ದೆಯದನ್ನು ಹಗ್ಗಕ್ಕೆ ಹಾಕಿ ಹೋಗುತ್ತಾರೆ. ಮರುದಿನ ಬಂದು ತೆಗೆದುಕೊಳ್ಳುತ್ತಾರೆ. ಬೆರಳ ಸಂದಿ ಕೊಳೆತವರ ಕಾಲು ತೊಳೆದು, ಒರೆಸಿ, ಮುಲಾಮು ಹಚ್ಚುತ್ತೇವೆ. ನನಗೆ ಅತಿ ಮುಖ್ಯ ಅನ್ನಿಸುವ ಕೆಲಸ ಇದು.

ಆ ಅಜ್ಜ ಮೂವತ್ತು ವರ್ಷ ಕಾಫಿ ತೋಟದಲ್ಲಿ ದುಡಿದವರು. ತೋಟದವರು ಕೂಲಿಯವರಿಗೆ ಕೊಡುವ ಲೈನ್ ಮನೆ ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆಯೇ ಹೋಗುತ್ತದೆ. ಸೊಂಟ ಬಿದ್ದ ಮೇಲೆ ಅವರಿಗೆ ಮನೆಯೂ ಇಲ್ಲ, ವಿಳಾಸವೂ ಇಲ್ಲ. ಅಂಥವರನ್ನು ಸೋಮಾರಿಗಳು ಅಂದಾಗ ನನಗೆ ತಡೆಯಲಾಗುವುದಿಲ್ಲ.

ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33 ಸಾವಿರ ಚಿಲ್ಲರೆ. ನಮ್ಮಂಥ ಸಣ್ಣ ಊರುಗಳು ಆ ಲೆಕ್ಕಕ್ಕೇ ಸಿಗುವುದಿಲ್ಲ.

ಅದಕ್ಕೇ ಕಾಗದಪತ್ರದ ಓಡಾಟವನ್ನೂ ನಾವೇ ಮಾಡುತ್ತೇವೆ. ಆಧಾರ್‌ಗೆ ವಿಳಾಸದ ದಾಖಲೆ ಇಲ್ಲದಿದ್ದರೆ, ನಿಗದಿತ ನಮೂನೆಯಲ್ಲಿ ತಹಶೀಲ್ದಾರ್ ಸಹಿ ಮಾಡಿದ ಪತ್ರ ಸಾಕಾಗುತ್ತದೆ. ಆಧಾರ್ ಆದರೆ ಬ್ಯಾಂಕ್ ಖಾತೆ. 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ. ಅಜ್ಜನ ಜೊತೆ ನಾನು ತಾಲ್ಲೂಕು ಕಚೇರಿಗೆ ಐದು ಸಲ ಹೋದೆ. ಊಟ ಬಡಿಸಲು ಹತ್ತು ಜನ ಬರುತ್ತಾರೆ, ಕಚೇರಿಯಲ್ಲಿ ಜೊತೆಗೆ ಕೂರಲು ಒಬ್ಬರು ಸಿಗುವುದು ಕಷ್ಟ.

"ಮತಕ್ಕೆ ಸೇರಿಸೋಕಾ?" ಅಂತಲೂ ಕೇಳುತ್ತಾರೆ. ಇಲ್ಲ. ನಮ್ಮ ಕೊಟ್ಟಿಗೆಗೆ ಬಂದವರ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಟಿಪ್ಪುವಿನ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ಯಾಥೋಲಿಕರಿಗೆ ವಿರಾಜಪೇಟೆಯಲ್ಲಿ ಜಾಗ ಕೊಟ್ಟವನು ಕೊಡಗಿನ ರಾಜ ದೊಡ್ಡವೀರರಾಜೇಂದ್ರ. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ಚರ್ಚ್ ಆಯಿತು. ನೆಲೆ ಕೊಟ್ಟ ರಾಜ ಅವರ ದೇವರನ್ನು ಬಿಡಿಸಲಿಲ್ಲ. ಹಾಗೆ ನೆಲೆ ಪಡೆದವರು ನಾವು.

ನಿಮಗೂ ಏನಾದರೂ ಕೊಡಬೇಕು ಅನ್ನಿಸಿದರೆ, ಮೇ ಮುಗಿಯುವ ಮೊದಲೇ ರಬ್ಬರ್ ಚಪ್ಪಲಿ ಕೊಡಿ. 8 ಮತ್ತು 9 ನಂಬರಿನವು ಜಾಸ್ತಿ ಬೇಕು. ಕಾಲು ಊದಿದವರಿಗೆ 10.