ನಾಣ್ಯದ ಚಿತ್ರಕ್ಕೆ ಇಬ್ಬರು ಒಡೆಯರು

ಸ್ನೇಹಿತರೊಬ್ಬರು ಸ್ವತಂತ್ರ ಭಾರತದ ನಾಣ್ಯಗಳ ಬಗ್ಗೆ ಪುಟ್ಟ ಪುಸ್ತಕ ಮಾಡ್ತಿದ್ದಾರೆ. ನಾಣ್ಯ ನನ್ನ ಸಂಗ್ರಹದ್ದು, ಫೋಟೋ ಕೆಲಸವೂ ನನ್ನದೇ. "ಎಲ್ಲ ನಮ್ಮದೇ ಅಂದ್ಮೇಲೆ ಇನ್ಯಾರನ್ನ ಕೇಳ್ಬೇಕು?" ಅಂದರು. ನಾಣ್ಯ ನಮ್ಮ ಡಬ್ಬಿಯಲ್ಲಿದ್ದ ಮಾತ್ರಕ್ಕೆ ಅದರ ಮೇಲಿನ ವಿನ್ಯಾಸ ನಮ್ಮದಾಗಲ್ಲ, ಅದರ ಒಡೆಯ ಸರ್ಕಾರ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 28ನೇ ಕಲಮಿನ ಪ್ರಕಾರ ಸರ್ಕಾರದ ಕೃತಿಗೆ 60 ವರ್ಷ ರಕ್ಷಣೆ. ಲೆಕ್ಕ ಶುರುವಾಗೋದು ಪ್ರಕಟವಾದ ಮರುವರ್ಷದ ಜನವರಿ 1ರಿಂದ. ಹಾಗಾಗಿ 1950ರ ಒಂದಾಣೆಯ ಹೋರಿ, ರೂಪಾಯಿಯ ಗೋಧಿ ತೆನೆ ಎಂದೋ ಮುಕ್ತವಾಗಿವೆ. 1964ರ ನೆಹರೂ ನಾಣ್ಯ, ನಮ್ಮ ಮೊದಲ ಸ್ಮಾರಕ ನಾಣ್ಯ, 2024ರ ಕೊನೆಗೆ ಅವಧಿ ಮುಗಿಸಿತು.

ಗಾಂಧಿ ಶತಮಾನೋತ್ಸವದ ನಾಣ್ಯದ ಹತ್ತಿರ ಸ್ವಲ್ಪ ನಿಲ್ಲಬೇಕು. ಅದರ ಮೇಲೆ 1869-1948 ಅಂತಷ್ಟೇ ಇದೆ, ಹೊರಬಂದ ವರ್ಷ ಇಲ್ಲ. 1948 ನೋಡಿ ಲೆಕ್ಕ ಹಾಕಿದರೆ ಅವಧಿ ಮುಗಿದೇ ಹೋಗಿದೆ ಅನ್ಸುತ್ತೆ. ಆದರೆ ಅದು ಬಂದದ್ದು 1969ರಲ್ಲಿ. ರಕ್ಷಣೆ 2029ರ ಕೊನೆಯವರೆಗೂ ಇದೆ.

ಇನ್ನೊಬ್ಬ ಒಡೆಯ ಫೋಟೋ ತೆಗೆದವನು. ಟಿಪ್ಪುವಿನ ತಾಮ್ರದ ಪೈಸೆಯ ಆನೆಗೆ ಇವತ್ತು ಯಾರ ಹಕ್ಕೂ ಇಲ್ಲ. ಆದರೆ ಸವೆದ ಆ ಆನೆಯ ಸೊಂಡಿಲು ಕಾಣ್ಬೇಕಾದರೆ ಬೆಳಕು ಓರೆಯಾಗಿ, ತೀರಾ ತಗ್ಗಿನಿಂದ ಬೀಳಬೇಕು. ನೇರ ಬೆಳಕಿಗೆ ಬರೀ ಕಂದು ಮಚ್ಚೆ. ದೀಪವನ್ನ ಎಳೆಯಷ್ಟು ಸರಿಸಿ, ಬಿಳಿ ಹಾಳೆ ಅಡ್ಡ ಹಿಡಿದು, ಮತ್ತೆ ತೆಗೆದು... ಅದು ಒಬ್ಬರ ಕೈಚಳಕ, ಅವರ ಕೃತಿ. ಹಳೇ ನಾಣ್ಯ ತಾನೇ ಅಂತ ಹರಾಜು ಕ್ಯಾಟಲಾಗಿನ ಚಿತ್ರ ಎತ್ತಿ ಹೆಸರೂ ಹಾಕದೆ ಪುಸ್ತಕಕ್ಕೆ ಅಂಟಿಸೋರನ್ನ ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಯೂರೋ ನಾಣ್ಯದ ವಿಷಯದಲ್ಲಿ ನಿಯಮ ಚೊಕ್ಕವಾಗಿದೆ. ಲುಕ್ ಲುಯ್ಕ್ಸ್ ರೂಪಿಸಿದ, ಎಲ್ಲ ಯೂರೋ ದೇಶಗಳಿಗೂ ಒಂದೇ ಆಗಿರೋ ಮುಖವನ್ನ ಫೋಟೋ, ಚಿತ್ರ, ಸಿನಿಮಾಗಳಲ್ಲಿ ಬಳಸಬಹುದು. ಮೂಲಕ್ಕೆ ನಿಷ್ಠವಾಗಿರಬೇಕು, ಯೂರೋದ ಮರ್ಯಾದೆಗೆ ಕುಂದು ತರಬಾರದು. ನಾಣ್ಯ ಅಂತ ಮೋಸಹೋಗುವಂಥ ಲೋಹದ ಬಿಲ್ಲೆ, ಪದಕಗಳ ಮೇಲೆ ಉಬ್ಬುಚಿತ್ರವಾಗಿ ಅಚ್ಚೊತ್ತುವುದಕ್ಕೆ ಮಾತ್ರ ಈ ಸಡಿಲಿಕೆ ಇಲ್ಲ. ಇನ್ನೊಂದು ಮುಖಕ್ಕೆ ಆಯಾ ದೇಶದ ನಿಯಮವೇ ಬೇರೆ. ಸಂಗ್ರಾಹಕರಿಗೆ ಬೇಕಿರೋದು ಇಂಥ ನೇರ ಮಾತು.

ನಮ್ಮಲ್ಲಿ ವಿಮರ್ಶೆಗೆ, ಸಂಶೋಧನೆಗೆ ಅನುಮತಿ ಇಲ್ಲದೆ ಬಳಸೋಕೆ ಅದೇ 1957ರ ಕಾಯ್ದೆಯ 52ನೇ ಕಲಮು ಜಾಗ ಕೊಡುತ್ತೆ. ಆದರೂ ಮಾರಾಟಕ್ಕಿರೋ ಪುಸ್ತಕದ ಮುಖಪುಟಕ್ಕೆ ಅದನ್ನ ನೆಚ್ಚಿಕೊಳ್ಳೋದು ನನಗೆ ಸರಿ ಕಾಣಲಿಲ್ಲ. ಗಾಂಧಿ ನಾಣ್ಯವನ್ನ ಒಳಪುಟದ ಚರ್ಚೆಗೆ ಇಟ್ಟುಕೊಂಡು ಮುಖಪುಟಕ್ಕೆ 1950ರ ಹೋರಿಯನ್ನ ಆರಿಸಿದ್ದೇವೆ.